ಎತ್ತಿಕೊಂಡವರನ್ನು ಇಳಿಸುವುದೆಲ್ಲಿ: ಕಡಲ ರಕ್ಷಣೆಯ ಮೂಟ್‌ಗೆ ದಾವಣಗೆರೆಯಲ್ಲಿ ತಯಾರಿ

ಎಲ್‌ಎಲ್‌ಬಿ ಓದುವವರಿಗೆ ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯದ ವಾದ, ತಪ್ಪಿದ್ದಲ್ಲ. ಬಾರ್ ಕೌನ್ಸಿಲ್‌ನ 2008ರ ನಿಯಮಗಳಂತೆ ಮೂರು ಮೂಟ್, ಒಂದೊಂದಕ್ಕೆ 10 ಅಂಕ. ಅದರಲ್ಲಿ 5 ಬರಹಕ್ಕೆ, 5 ವಾದಕ್ಕೆ. ದಾವಣಗೆರೆಯ ಹುಡುಗರ ಪಾಲಿಗೆ ಬರುವ ಸಮಸ್ಯೆಗಳು ಹೆಚ್ಚಾಗಿ ಪಿತ್ರಾರ್ಜಿತ ಆಸ್ತಿ, ಚೆಕ್ ಬೌನ್ಸ್, ಜೀವನಾಂಶದ ಸುತ್ತಲಿನವು. ಈ ಸಲ ಬಂದದ್ದು ನಡುಗಡಲಲ್ಲಿ ಕೆಟ್ಟು ನಿಂತ ವಲಸಿಗರ ದೋಣಿಯದು. "ಅಲ್ರೀ ಸರ್, ಎತ್ತಣ ದಾವಣಗೆರೆ, ಎತ್ತಣ ಸಮುದ್ರ?" ಅಂತ ತಂಡದವರು ಕೇಳಿದ್ದು ಸಹಜವೇ. ತಯಾರಿಗೆ ಜೊತೆಯಾದವರು ನಾವಿಬ್ಬರು: ಒಬ್ಬರು ಇಲ್ಲಿನ ಕೋರ್ಟಿನಲ್ಲಿ ವಕೀಲರು, ಇನ್ನೊಬ್ಬರು ಸರಕು ಹಡಗಿನ ಡೆಕ್ ಅಧಿಕಾರಿ, ರಜೆಗೆ ಊರಿಗೆ ಬಂದವರು. ಆ ತಯಾರಿ ಹೇಗೆ ನಡೆಯಿತು, ಎಲ್ಲೆಲ್ಲಿ ಎಡವುತ್ತಾರೆ ಎಂಬುದನ್ನು ಮುಂದಿನ ಬ್ಯಾಚಿನವರಿಗೂ ಆಗಲಿ ಎಂದು ಬರೆದಿಡುತ್ತಿದ್ದೇವೆ.

ಸಮಸ್ಯೆ ಇಷ್ಟು. ಭಾರತದ ಬಾವುಟದ ಬಲ್ಕ್ ಕ್ಯಾರಿಯರ್ (ಕಲ್ಲಿದ್ದಲು, ಧಾನ್ಯದಂಥ ಸಡಿಲ ಸರಕಿನ ಹಡಗು) ಒಂದು ಸರಕಿಲ್ಲದೆ ಖಾಲಿ ಹೋಗುತ್ತಿದೆ, 22 ಸಿಬ್ಬಂದಿ. 'ಅ' ದೇಶದ ರಕ್ಷಣಾ ಸಮನ್ವಯ ಕೇಂದ್ರದಿಂದ ಸಂದೇಶ ಬರುತ್ತದೆ: ಇಂಥಲ್ಲಿ ಮರದ ದೋಣಿಯೊಂದು ಎಂಜಿನ್ ಕೆಟ್ಟು ತೇಲುತ್ತಿದೆ, ಹೋಗಿ ನೋಡಿ. ಹೋದರೆ 94 ಜನ, 'ಕ' ದೇಶದ ಕಿರುಕುಳ ತಾಳಲಾರದೆ ಹೊರಟವರು. ಹತ್ತಿಸಿಕೊಂಡದ್ದಾಯಿತು. ಆಮೇಲೆ 'ಅ' ದೇಶ ಅಂದಿತು: 24 ಮೈಲಿ ಆಚೆಗೇ ನಿಲ್ಲಿ. ಹತ್ತಿರದ ಬಂದರು 'ಬ' ದೇಶದ್ದು. ಅದು ಅಂದಿತು: ಆ ಜಾಗ ನಮ್ಮ ವ್ಯಾಪ್ತಿಯದಲ್ಲ. 'ಕ' ದೇಶ ಅಂದಿತು: ಗಸ್ತು ದೋಣಿ ಕಳಿಸುತ್ತೇವೆ, ನಮಗೇ ಒಪ್ಪಿಸಿ. ಆರನೇ ದಿನ ಕ್ಯಾಪ್ಟನ್ ಅನುಮತಿ ಇಲ್ಲದೆ 'ಅ' ದೇಶದ ಬಂದರಿಗೆ ಹಡಗು ನುಗ್ಗಿಸುತ್ತಾನೆ. ಅವನ ಬಂಧನವಾಗುತ್ತದೆ, 94 ಜನ ದಕ್ಕೆಗೆ ಕಟ್ಟಿದ ಹಡಗಿನಲ್ಲೇ ಉಳಿಯುತ್ತಾರೆ. ವಾದಿ ಭಾರತ, ಪ್ರತಿವಾದಿ 'ಅ' ದೇಶ. ಸಮಸ್ಯೆಯಲ್ಲಿ ಹಡಗಿಗೆ ಹೆಸರಿರಲಿಲ್ಲ. ಚನ್ನಗಿರಿ ಕಡೆಯ ಹುಡುಗಿಯೊಬ್ಬಳು 'ಎಂ.ವಿ. ಸೂಳೆಕೆರೆ' ಅಂದಳು, ಅದೇ ನಿಂತಿತು.

ಮೊದಲ ಕೆಲಸ ಒಪ್ಪಂದ ಓದುವುದಲ್ಲ, ನಕ್ಷೆ ಬರೆಯುವುದು. ಡ್ರಾಯಿಂಗ್ ಹಾಳೆಯ ಮೇಲೆ ಕರಾವಳಿ, ಅದರಾಚೆ 12 ನಾಟಿಕಲ್ ಮೈಲಿಗೆ ಪ್ರಾದೇಶಿಕ ಸಮುದ್ರ, 24ಕ್ಕೆ ಅದಕ್ಕೆ ಹೊಂದಿದ ವಲಯ, 200ಕ್ಕೆ ಆರ್ಥಿಕ ವಲಯ. ಒಂದು ನಾಟಿಕಲ್ ಮೈಲಿ 1,852 ಮೀಟರ್. 12 ಮೈಲಿ ಅಂದರೆ ಸುಮಾರು 22 ಕಿ.ಮೀ., ದಾವಣಗೆರೆಯಿಂದ ಹೊರಟರೆ ಹರಿಹರ ದಾಟಿ ಇನ್ನೊಂದಿಷ್ಟು ದೂರ. ಈ ಮೂರು ಗೆರೆಗಳ ಮೇಲೆ ಚುಕ್ಕಿಗೆರೆಯಲ್ಲಿ ಶೋಧ-ರಕ್ಷಣಾ ವಲಯ. ಹೆಚ್ಚಿನವರು ಎಡವುವುದು ಈ ಚುಕ್ಕಿಗೆರೆಯಲ್ಲೇ. ಅದು ಗಡಿಯಲ್ಲ. 1979ರ ಹ್ಯಾಂಬರ್ಗ್ ಶೋಧ-ರಕ್ಷಣಾ ಒಪ್ಪಂದವೇ ಹೇಳುವಂತೆ ಈ ವಲಯಗಳ ಹಂಚಿಕೆಗೂ ದೇಶಗಳ ಗಡಿಗೂ ಸಂಬಂಧವಿಲ್ಲ. ಯಾವ ನೀರಿನಲ್ಲಿ ಕರೆ ಬಂದರೆ ಯಾರು ಫೋನ್ ಎತ್ತಬೇಕು, ಯಾರು ಹಡಗುಗಳನ್ನು ಹೊಂದಿಸಬೇಕು ಎಂಬ ಕೆಲಸದ ಹಂಚಿಕೆ ಅದು. ಭಾರತದ ವಲಯದಲ್ಲಿ ಈ ಕೆಲಸ ಕೋಸ್ಟ್ ಗಾರ್ಡ್‌ನದು. ಮುಂಬೈ, ಚೆನ್ನೈ, ಶ್ರೀ ವಿಜಯಪುರಂ (ಹಿಂದಿನ ಪೋರ್ಟ್ ಬ್ಲೇರ್)‌ಗಳಲ್ಲಿ ಮೂರು ಕೇಂದ್ರ, ಕರೆ ಸಂಖ್ಯೆ 1554.

ನಕ್ಷೆಯ ಪಕ್ಕದಲ್ಲಿ ಕಾಲಾನುಕ್ರಮದ ಪಟ್ಟಿ: ಗಂಟೆ, ಅಕ್ಷಾಂಶ ರೇಖಾಂಶ, ಯಾರು ಯಾರಿಗೆ ಏನು ಹೇಳಿದರು. ಯಾವ ಮಾತು ರೇಡಿಯೋದಲ್ಲಿ, ಯಾವುದು ಲಿಖಿತ ಸಂದೇಶದಲ್ಲಿ ಎಂಬುದನ್ನೂ ಬರೆಸಿದೆವು. 'ಅ' ದೇಶವೇ ಹಡಗನ್ನು ಕಳಿಸಿದ್ದು ಎಂಬ ಒಂದೇ ಸಂಗತಿ ಆಮೇಲೆ ಅರ್ಧ ವಾದವನ್ನು ಹೊತ್ತಿತು.

ಎರಡನೆಯದು, ಯಾವ ಒಪ್ಪಂದ ಯಾರನ್ನು ಕಟ್ಟುತ್ತದೆ ಎಂಬ ಕೋಷ್ಟಕ. ಕಾನೂನು ವಿದ್ಯಾರ್ಥಿಗಳು 'ನಿರಾಶ್ರಿತ' ಎಂಬ ಮಾತು ಕಂಡ ಕೂಡಲೇ 1951ರ ನಿರಾಶ್ರಿತರ ಒಪ್ಪಂದಕ್ಕೆ ಹಾರುತ್ತಾರೆ. ಭಾರತ ಅದಕ್ಕೂ 1967ರ ಅದರ ಪ್ರೋಟೋಕಾಲ್‌ಗೂ ಸಹಿ ಹಾಕಿಲ್ಲ. ಆದರೆ 1982ರ ಸಮುದ್ರ ಕಾನೂನು ಒಪ್ಪಂದಕ್ಕೆ 1995ರಲ್ಲಿ ಅನುಮೋದನೆ ಕೊಟ್ಟಿದೆ. ಇನ್ನು ಸಹಿ ಇದ್ದರೂ ತಿದ್ದುಪಡಿ ಒಪ್ಪದೆ ಇರಬಹುದು. 2004ರಲ್ಲಿ ಕಡಲಲ್ಲಿ ಜೀವ ಸುರಕ್ಷತೆಯ ಸೋಲಾಸ್ ಒಪ್ಪಂದಕ್ಕೂ ಶೋಧ-ರಕ್ಷಣಾ ಒಪ್ಪಂದಕ್ಕೂ ಬಂದ ತಿದ್ದುಪಡಿಗಳು 2006ರ ಜುಲೈ 1ರಿಂದ ಜಾರಿಯಾದವು. ವಲಸಿಗರ ಮೆಡಿಟರೇನಿಯನ್ ದಾರಿಯ ನಟ್ಟನಡುವೆ ಕೂತಿರುವ ಮಾಲ್ಟಾ ಅವನ್ನು ಒಪ್ಪಲಿಲ್ಲ. ಹತ್ತಿರದ ಬಂದರು ಇಟಲಿಯ ಲಾಂಪೆಡೂಸಾ ದ್ವೀಪದ್ದಾದರೆ ಅಲ್ಲಿಗೇ ಒಯ್ಯಿರಿ ಎಂಬುದು ಮಾಲ್ಟಾದ ವಾದ. ನಿಮ್ಮ ವಲಯ, ನೀವೇ ನೋಡಿಕೊಳ್ಳಿ ಎಂಬುದು ಇಟಲಿಯ ವಾದ. ನಮ್ಮ ಸಮಸ್ಯೆಯ 'ಅ', 'ಬ' ದೇಶಗಳ ಜಗಳ ಇದರದೇ ಅಚ್ಚು.

ಕರ್ತವ್ಯದ ಭಾಗಕ್ಕೆ ಬಂದರೆ ಕಾನೂನು ಗಟ್ಟಿ. ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿಯಂತೆ ಪ್ರತಿ ದೇಶ ತನ್ನ ಬಾವುಟದ ಹಡಗಿನ ಕ್ಯಾಪ್ಟನ್‌ಗೆ, ಹಡಗಿಗೂ ಅದರಲ್ಲಿರುವವರಿಗೂ ಗಂಭೀರ ಅಪಾಯವಾಗದಷ್ಟರ ಮಟ್ಟಿಗೆ, ಆಪತ್ತಿನಲ್ಲಿರುವವರನ್ನು ಕಾಪಾಡುವ ಹೊಣೆ ಹೊರಿಸಬೇಕು. ಈ ವಿಧಿ ಮಾತಾಡುವುದು ದೇಶದ ಜೊತೆ, ಕ್ಯಾಪ್ಟನ್ ಜೊತೆಯಲ್ಲ. ಕ್ಯಾಪ್ಟನ್‌ಗೆ ಅದು ಮುಟ್ಟುವುದು ದೇಶದ ಕಾಯ್ದೆಯ ಮೂಲಕ. ನಮ್ಮಲ್ಲಿ 1958ರ ಮರ್ಚೆಂಟ್ ಶಿಪ್ಪಿಂಗ್ ಕಾಯ್ದೆಯ 355ನೇ ಕಲಂ. ಆ ಕಾಯ್ದೆಯ ಜಾಗಕ್ಕೆ 2025ರಲ್ಲಿ ಸಂಸತ್ತು ಹೊಸ ಕಾಯ್ದೆ ಅಂಗೀಕರಿಸಿದೆ, ಹಾಗಾಗಿ ಸಮಸ್ಯೆಯಲ್ಲಿ ಕೊಟ್ಟ ದಿನಾಂಕ ನೋಡಿಕೊಂಡೇ ಕಲಂ ಹಾಕಬೇಕು. 98ನೇ ವಿಧಿ ಕೂತಿರುವುದು ಮುಕ್ತ ಸಮುದ್ರದ ಅಧ್ಯಾಯದಲ್ಲಿ. 'ಆರ್ಥಿಕ ವಲಯಕ್ಕೆ ಅದು ಅನ್ವಯಿಸುವುದಿಲ್ಲ' ಎಂದು ಎದುರಾಳಿ ಎದ್ದರೆ 58ನೇ ವಿಧಿಯ ಎರಡನೇ ಉಪವಿಧಿ ತೋರಿಸಿ ಕೂರಿಸಬಹುದು.

ಸೋಲಾಸ್‌ನ ಐದನೇ ಅಧ್ಯಾಯದ 33ನೇ ನಿಯಮ ಇನ್ನೂ ನೇರ: ಸುದ್ದಿ ಸಿಕ್ಕ ಕ್ಯಾಪ್ಟನ್ ಪೂರ್ಣ ವೇಗದಲ್ಲಿ ಹೋಗಬೇಕು, ಹೋಗಲಾಗದಿದ್ದರೆ ಕಾರಣವನ್ನು ಲಾಗ್ ಬುಕ್ಕಿನಲ್ಲಿ ಬರೆಯಬೇಕು. ಅದೇ ಅಧ್ಯಾಯದ 34-1ನೇ ನಿಯಮದಂತೆ ಜೀವರಕ್ಷಣೆಗೆ ಬೇಕೆಂದು ಕ್ಯಾಪ್ಟನ್ ತನ್ನ ವೃತ್ತಿ ವಿವೇಚನೆಯಿಂದ ಕೈಗೊಳ್ಳುವ ನಿರ್ಧಾರಕ್ಕೆ ಹಡಗಿನ ಮಾಲೀಕರಾಗಲಿ, ಬಾಡಿಗೆಗೆ ಪಡೆದವರಾಗಲಿ ಅಡ್ಡ ಬರುವಂತಿಲ್ಲ. ಸಿಕ್ಕವರ ರಾಷ್ಟ್ರೀಯತೆ, ಕಾಗದಪತ್ರ ಯಾವುದೂ ಲೆಕ್ಕಕ್ಕಿಲ್ಲ.

'ಆಪತ್ತು' ಇದೆಯೋ ಇಲ್ಲವೋ ಎಂಬುದರಲ್ಲಿ ಪ್ರತಿವಾದಿ ಪರದವರಿಗೆ ಒಂದಿಷ್ಟು ಜಾಗವಿದೆ. ದೋಣಿ ಮುಳುಗುತ್ತಿರಲಿಲ್ಲ, ಅವರು ಸಹಾಯ ಕೇಳಲೂ ಇಲ್ಲ ಎನ್ನಬಹುದು. 2023ರ ಜೂನ್ 14ರಂದು ಗ್ರೀಸ್‌ನ ಪೈಲೋಸ್ ಬಳಿ ನೂರಾರು ಜನರನ್ನು ಹೊತ್ತ 'ಆಡ್ರಿಯಾನಾ' ಮುಳುಗಿ 104 ಜನ ಮಾತ್ರ ಬದುಕಿದಾಗ ಅಧಿಕಾರಿಗಳು ಕೊಟ್ಟ ವಿವರಣೆಯೂ ಇದೇ: ದೋಣಿಯವರೇ ಸಹಾಯ ಬೇಡವೆಂದರು. ಐರೋಪ್ಯ ಒಕ್ಕೂಟದ 2014ರ 656ನೇ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿದೆ: ಸಹಾಯ ಕೇಳಿದರೋ ಇಲ್ಲವೋ ಎಂಬುದೊಂದರಿಂದಲೇ ತೀರ್ಮಾನವಾಗದು, ದೋಣಿಯ ಗಾತ್ರಕ್ಕೆ ಎಷ್ಟು ಜನ, ಇಂಧನ, ನೀರು, ಆಹಾರ ಎಷ್ಟು, ನಡೆಸುವವರು ಬಲ್ಲವರೇ, ಗರ್ಭಿಣಿಯರು, ಮಕ್ಕಳು ಇದ್ದಾರೆಯೇ, ಹವೆ ಹೇಗಿದೆ ಎಂಬುದನ್ನೆಲ್ಲ ತೂಗಬೇಕು. ಆ ನಿಯಮಾವಳಿ ಯುರೋಪಿನ ಗಡಿ ಕಾವಲಿನದು, ನಮ್ಮ ದೇಶಗಳನ್ನು ಕಟ್ಟುವುದಿಲ್ಲ. ಆದರೆ ಆಪತ್ತು ಅಳೆಯಲು ಇದಕ್ಕಿಂತ ಒಳ್ಳೆಯ ಪಟ್ಟಿ ನಮಗೆ ಸಿಕ್ಕಿಲ್ಲ.

ಇಲ್ಲಿ ತಂಡಕ್ಕೆ ಹಡಗಿನ ಕೆಲಸ ಗೊತ್ತಾಗಲೇಬೇಕಿತ್ತು. ಇಲ್ಲದಿದ್ದರೆ ತೀರ್ಪುಗಾರರು 'ಗಂಭೀರ ಅಪಾಯ ಅಂದರೇನು?' ಎಂದು ಕೇಳಿದಾಗ ಪುಸ್ತಕದ ಮಾತೇ ಬರುತ್ತದೆ. ಖಾಲಿ ಬಲ್ಕ್ ಕ್ಯಾರಿಯರ್‌ನ ಡೆಕ್ ನೀರಿನಿಂದ 10 ಮೀಟರಿಗೂ ಮೇಲಿರುತ್ತದೆ. ಪೈಲಟ್ ಏಣಿ ಎಂಬ ಹಗ್ಗದ ಏಣಿಯನ್ನೊಂದೇ ಇಳಿಬಿಡಲು 9 ಮೀಟರ್ ಮಿತಿ. ಅದಕ್ಕಿಂತ ಎತ್ತರವಾದರೆ ಹಡಗಿನ ಓರೆ ಏಣಿ ಮತ್ತು ಹಗ್ಗದ ಏಣಿ ಎರಡನ್ನೂ ಜೋಡಿಸಬೇಕು. ದಿನಗಟ್ಟಲೆ ಮಡಚಿ ಕೂತು ಕಾಲು ಜೋಮು ಹಿಡಿದವರು ಅದನ್ನು ಹತ್ತಬೇಕು.

ದೋಣಿಯ ಬಳಿ ಸೇರುವುದೇ ಅತಿ ಅಪಾಯದ ಹೊತ್ತು. ಗಾಳಿ ಬರುವ ಕಡೆ ಹಡಗನ್ನು ಅಡ್ಡ ನಿಲ್ಲಿಸಿ ಮರೆಯಲ್ಲಿ ದೋಣಿಗೆ ಶಾಂತ ನೀರು ಮಾಡಿಕೊಡುತ್ತಾರೆ. ಖಾಲಿ ಹಡಗು ಗಾಳಿಗೆ ಬೇಗ ಸರಿಯುತ್ತದೆ, ನೋಡನೋಡುತ್ತ ದೋಣಿಯ ಮೇಲೇ ಬರಬಹುದು. ಪ್ರೊಪೆಲ್ಲರ್ ತಿರುಗುತ್ತಿದ್ದರೆ ದೋಣಿ ಹಿಂಭಾಗದ ಅಡಿಗೆ ಎಳೆದುಕೊಂಡು ಹೋಗುವ ಭಯ ಬೇರೆ. ಇನ್ನೊಂದು, ದೊಡ್ಡ ಹಡಗು ಕಂಡ ಕೂಡಲೇ ದೋಣಿಯವರೆಲ್ಲ ಎದ್ದು ಒಂದೇ ಬದಿಗೆ ಬರುತ್ತಾರೆ, ದೋಣಿ ಮಗುಚುವುದು ಆಗಲೇ. ಅದಕ್ಕೇ ಹಡಗು ದೂರವೇ ನಿಂತು ರೆಸ್ಕ್ಯೂ ಬೋಟ್ ಇಳಿಸಿ ಮೊದಲು ಲೈಫ್ ಜಾಕೆಟ್ ಹಂಚಿ, 'ಕೂತುಕೊಳ್ಳಿ' ಎಂದು ಕೈಸನ್ನೆಯಲ್ಲಿ ಹೇಳಿಸಿ, ಆಮೇಲೆ ಸಾಗಿಸುವುದು. ರೆಸ್ಕ್ಯೂ ಬೋಟಿಗೆ ನಿಯಮ ಕೇಳುವ ಕನಿಷ್ಠ ಜಾಗ ಐದು ಜನ ಕೂತು ಒಬ್ಬರು ಮಲಗುವಷ್ಟು. 94 ಜನಕ್ಕೆ ಎಷ್ಟು ಸುತ್ತು ಬೇಕಾದೀತು ಎಂದು ತಂಡವೇ ಲೆಕ್ಕ ಹಾಕಿತು. ಬೋಟಿನ ಸಿಬ್ಬಂದಿಯನ್ನು ಕಳೆದ ಮೇಲೆ ಬಂದ ಸಂಖ್ಯೆ ನೋಡಿ 'ಕತ್ತಲಾದರೆ?' ಎಂಬ ಪ್ರಶ್ನೆ ತಾನಾಗಿಯೇ ಬಂತು. ನೀರಿಗೆ ಬಿದ್ದವರನ್ನು ಎತ್ತುವ ಹಡಗಿನದೇ ಲಿಖಿತ ಯೋಜನೆ ಇರಬೇಕೆಂದು 2014ರ ಜುಲೈನಿಂದ ಸೋಲಾಸ್ ಕೇಳುತ್ತದೆ. ತುಂಬ ಹೊತ್ತು ತಣ್ಣೀರಿನಲ್ಲಿದ್ದವರನ್ನು ಸಾಧ್ಯವಾದಷ್ಟು ಅಡ್ಡವಾಗಿ ಮಲಗಿಸಿಯೇ ಎತ್ತಬೇಕು. ನೆಟ್ಟಗೆ ಎತ್ತಿದರೆ ರಕ್ತದೊತ್ತಡ ಕುಸಿದು, ಬದುಕಿ ಬಂದವರೇ ಡೆಕ್ ಮೇಲೆ ಬಿದ್ದುಹೋಗಬಹುದು.

ಹತ್ತಿಸಿಕೊಂಡ ಮೇಲೆ ಹೆಚ್ಚಾಗಿ ಕಾಣುವ ಗಾಯ ಸುಟ್ಟದ್ದು. ರಬ್ಬರ್ ದೋಣಿಗಳಲ್ಲಿ ಕ್ಯಾನಿನಿಂದ ಚೆಲ್ಲಿದ ಪೆಟ್ರೋಲ್ ಉಪ್ಪುನೀರಿನ ಜೊತೆ ಸೇರಿ ತಳದಲ್ಲಿ ನಿಲ್ಲುತ್ತದೆ. ದೋಣಿಯ ನಡುವೆ ಕೂರಿಸುವುದು ಹೆಂಗಸರು, ಮಕ್ಕಳನ್ನು. ತೊಡೆ, ಸೊಂಟದ ಚರ್ಮ ಕಿತ್ತುಬರುವುದು ಅವರಿಗೇ. ಬಟ್ಟೆ ಕತ್ತರಿಸಿ ತೆಗೆದು ಸಿಹಿನೀರು, ಸೋಪಿನಿಂದ ತೊಳೆಯುವುದು ಮೊದಲ ಚಿಕಿತ್ಸೆ. ಹಡಗಿನಲ್ಲಿ ಡಾಕ್ಟರ್ ಇರುವುದಿಲ್ಲ, ತರಬೇತಿ ಪಡೆದ ಅಧಿಕಾರಿ ರೇಡಿಯೋದಲ್ಲಿ ವೈದ್ಯರನ್ನು ಕೇಳಿ ಔಷಧ ಕೊಡುತ್ತಾರೆ. ಒಬ್ಬ ಅಡುಗೆಯವ, 22 ಜನಕ್ಕೆ ತಕ್ಕ ಪಾತ್ರೆ, ಬೆರಳೆಣಿಕೆಯ ಶೌಚಾಲಯ. ಲೈಫ್‌ಬೋಟ್, ಲೈಫ್ ಜಾಕೆಟ್ ಎಲ್ಲವೂ ಸಿಬ್ಬಂದಿಯ ಲೆಕ್ಕಕ್ಕೆ ಇರುವಂಥವು. ಹೆಚ್ಚು ಜನ ಹತ್ತಿಸಿಕೊಂಡದ್ದು ಹಡಗಿನ ಸರ್ಟಿಫಿಕೇಟ್ ಉಲ್ಲಂಘನೆ ಎಂದು ಎದುರಾಳಿ ಎತ್ತಿದರೆ ಸೋಲಾಸ್‌ನ 4ನೇ ವಿಧಿ ಅದನ್ನು ತಳ್ಳಿಹಾಕುತ್ತದೆ: ಆಪತ್ತಿನಿಂದ ಎತ್ತಿಕೊಂಡವರು ಆ ಲೆಕ್ಕಕ್ಕೆ ಬರುವುದಿಲ್ಲ. ಆದರೆ ಹಡಗಿಗೆ ಬೆಂಕಿ ಬಿದ್ದರೆ ವಿಧಿಯನ್ನು ಹಿಡಿದು ತೇಲಲಾಗದು, ಇದು ವಾದಿಯ ಪರದವರು ಹೇಳಲೇಬೇಕಾದ ಮಾತು.

ಕ್ಯಾಪ್ಟನ್ ಮಾಡಬೇಕಾದ ಬರವಣಿಗೆ ಸರಳ: ಎಷ್ಟು ಜನ, ಹೆಸರು, ವಯಸ್ಸು, ಗಾಯ, ವಿಶೇಷ ಅಗತ್ಯ, ಇಷ್ಟನ್ನು ಸಮನ್ವಯ ಕೇಂದ್ರಕ್ಕೆ ಕಳಿಸುವುದು. ಯಾರಿಗೆ ಆಶ್ರಯ ಸಿಗಬೇಕು ಎಂದು ನಿರ್ಧರಿಸುವುದು ಅವನ ಕೆಲಸವಲ್ಲ. ಯಾರಾದರೂ ಊರಿಗೆ ಕಳಿಸಿದರೆ ಕೊಲ್ಲುತ್ತಾರೆ ಎಂದರೆ ಅದನ್ನು ಕೇಂದ್ರಕ್ಕೆ ತಿಳಿಸಬೇಕು, ಅವರು ಓಡಿಬಂದ ದೇಶಕ್ಕೆ ಮಾತ್ರ ಅವರ ವಿವರ ಕೊಡಬಾರದು. ಸಮಸ್ಯೆಯಲ್ಲಿ ಕ್ಯಾಪ್ಟನ್ 'ಕ' ದೇಶಕ್ಕೆ ಹೆಸರಿನ ಪಟ್ಟಿ ಕಳಿಸಿದ್ದ. ಅದು ಅವನ ದುರ್ಬಲ ಜಾಗ, ಮುಚ್ಚಿಡುವ ಬದಲು ಮೊದಲೇ ಒಪ್ಪಿ ಮುಂದೆ ಹೋಗಿ ಎಂದೆವು.

ಇಲ್ಲಿಯವರೆಗೆ ಎರಡೂ ಪಕ್ಷಕ್ಕೆ ಹೆಚ್ಚು ಜಗಳವಿಲ್ಲ. ಎತ್ತಿಕೊಳ್ಳುವ ಕಾನೂನು ಕಟ್ಟುನಿಟ್ಟು. ಇಳಿಸುವ ಕಾನೂನು ಸಡಿಲ. ನಮ್ಮ ಮಟ್ಟಿಗೆ ಇಡೀ ವಿಷಯ ಇಷ್ಟೇ.

2001ರ ಆಗಸ್ಟ್ 26ರಂದು ನಾರ್ವೆಯ ಕಂಟೇನರ್ ಹಡಗು 'ಟ್ಯಾಂಪಾ' ಆಸ್ಟ್ರೇಲಿಯಾದ ಕೋರಿಕೆಯ ಮೇರೆಗೆ ಇಂಡೋನೇಷ್ಯಾದ ರಕ್ಷಣಾ ವಲಯದಲ್ಲಿ 433 ಜನರನ್ನು ಎತ್ತಿಕೊಂಡಿತು. ಸಿಬ್ಬಂದಿ 27, ಸುರಕ್ಷತಾ ಪರವಾನಗಿ 50 ಜನಕ್ಕೆ. ಕ್ರಿಸ್‌ಮಸ್ ದ್ವೀಪಕ್ಕೆ ಇಳಿಸಲು ಆಸ್ಟ್ರೇಲಿಯಾ ಬಿಡಲಿಲ್ಲ. ಕ್ಯಾಪ್ಟನ್ ಅರ್ನೆ ರಿನ್ನಾನ್ ಕೊನೆಗೆ ಅದರ ನೀರಿಗೆ ಹೊಕ್ಕಾಗ ವಿಶೇಷ ಪಡೆ ಹಡಗು ಹತ್ತಿತು. 2004ರ ತಿದ್ದುಪಡಿಗಳು ಹುಟ್ಟಿದ್ದು ಈ ರಗಳೆಯಿಂದ. ಅವುಗಳಂತೆ ಎಲ್ಲ ದೇಶಗಳೂ ಸಹಕರಿಸಿ ಕ್ಯಾಪ್ಟನ್‌ನನ್ನು ಆದಷ್ಟು ಕಡಿಮೆ ದಾರಿ ತಪ್ಪುವಿಕೆಯಲ್ಲಿ ಬಿಡುಗಡೆ ಮಾಡಬೇಕು, ಆ ಸಹಕಾರ ಕೂಡಿಬರುವಂತೆ ನೋಡುವ ಪ್ರಾಥಮಿಕ ಹೊಣೆ ರಕ್ಷಣಾ ವಲಯದ ದೇಶದ್ದು. ಗಮನವಿಟ್ಟು ಓದಿ: 'ನಿಮ್ಮ ಬಂದರಿನಲ್ಲೇ ಇಳಿಸಿಕೊಳ್ಳಿ' ಎಂದು ಎಲ್ಲೂ ಇಲ್ಲ. ಪ್ರತಿವಾದಿ 'ಅ' ದೇಶದ ಇಡೀ ಪ್ರಕರಣ ಈ ಸಂದಿಯಲ್ಲಿ ನಿಂತಿದೆ. 2020ರ ಆಗಸ್ಟ್ 4ರಂದು ಮಾಲ್ಟಾ ಹೇಳಿತೆಂದು 27 ಜನರನ್ನು ಎತ್ತಿಕೊಂಡ ಡೆನ್ಮಾರ್ಕ್‌ನ ಟ್ಯಾಂಕರ್ 'ಮಾರ್ಸ್ಕ್ ಎಟಿಯೆನ್' ಅವರನ್ನು ಬೇರೆ ಹಡಗಿಗೆ ದಾಟಿಸಲು ಸೆಪ್ಟೆಂಬರ್ 11ರವರೆಗೆ ಕಾಯಬೇಕಾಯಿತು. ತಿದ್ದುಪಡಿಗಳು ಜಾರಿಯಾಗಿ ಹದಿನಾಲ್ಕು ವರ್ಷ ಕಳೆದಿತ್ತು.

ವಾದಿಯ ಕೈಯಲ್ಲಿರುವ ಅಸ್ತ್ರ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ 2004ರ ಮಾರ್ಗಸೂಚಿ, ಎಂಎಸ್‌ಸಿ 167(78). ಅದರ 6.12ನೇ ಪ್ಯಾರಾದಂತೆ ಸುರಕ್ಷಿತ ಸ್ಥಳ ಅಂದರೆ ಜೀವಭಯವಿಲ್ಲದ, ಊಟ, ಆಸರೆ, ಔಷಧ ಸಿಗುವ, ಮುಂದಿನ ಪ್ರಯಾಣಕ್ಕೆ ಏರ್ಪಾಡು ಮಾಡಬಹುದಾದ ಸ್ಥಳ. 'ಹಡಗಿನಲ್ಲೇ ಊಟ ಇದೆಯಲ್ಲ, ಯಾರೂ ಮುಳುಗುತ್ತಿಲ್ಲವಲ್ಲ' ಎಂಬ ಪ್ರಶ್ನೆ ಬಂದೇ ಬರುತ್ತದೆ, ಬಂತು ಕೂಡ. ಉತ್ತರ 6.13ರಲ್ಲಿದೆ: ತಕ್ಷಣದ ಅಪಾಯ ಕಳೆಯಿತು ಎಂಬ ಒಂದೇ ಕಾರಣಕ್ಕೆ ರಕ್ಷಿಸಿದ ಹಡಗನ್ನು ಸುರಕ್ಷಿತ ಸ್ಥಳವೆನ್ನಲಾಗದು. ಮಾರ್ಗಸೂಚಿ ಕಟ್ಟುಪಾಡಲ್ಲ ಎಂದು ಎದುರಾಳಿ ಹೇಳುತ್ತಾರೆ, ಅದು ನಿಜ. ಒಪ್ಪಂದದ ಮಾತಿಗೆ ಅರ್ಥ ಹಚ್ಚಲು ಬಳಸುತ್ತಿದ್ದೇವೆ ಎನ್ನಬೇಕೇ ಹೊರತು ಅದನ್ನೇ ಕಾನೂನು ಎಂದು ಎತ್ತಿಹಿಡಿಯಬಾರದು.

'ಕ' ದೇಶಕ್ಕೆ ಒಪ್ಪಿಸದ್ದು ಸರಿಯೇ ಎಂಬುದಕ್ಕೆ ಎರಡು ತೀರ್ಪು ಸಾಕು. 2009ರ ಮೇ 6ರಂದು ಇಟಲಿಯ ಸರ್ಕಾರಿ ಹಡಗುಗಳು ಲಾಂಪೆಡೂಸಾದಿಂದ 35 ಮೈಲಿ ದಕ್ಷಿಣಕ್ಕೆ, ಮಾಲ್ಟಾದ ವಲಯದಲ್ಲಿ, ಸುಮಾರು 200 ಜನರನ್ನು ತಡೆದು ಟ್ರಿಪೋಲಿಗೆ ಒಪ್ಪಿಸಿದವು. 2012ರ ಫೆಬ್ರವರಿ 23ರಂದು ಸ್ಟ್ರಾಸ್‌ಬರ್ಗ್ ನ್ಯಾಯಾಲಯ (ಐರೋಪ್ಯ ಮಾನವ ಹಕ್ಕುಗಳ ನ್ಯಾಯಾಲಯ) ಹಿರ್ಸಿ ಜಮಾ ಪ್ರಕರಣದಲ್ಲಿ ಹೇಳಿದ್ದು: ಹಡಗು ಯಾರ ಹಿಡಿತದಲ್ಲಿದೆಯೋ ಹೊಣೆಯೂ ಅವರದೇ, ಮುಕ್ತ ಸಮುದ್ರವೆಂದು ಕೈತೊಳೆಯುವಂತಿಲ್ಲ. ಅದು ಸರ್ಕಾರಿ ಹಡಗು, ಇದು ಖಾಸಗಿ ಎಂದು ಎದುರಾಳಿ ಬೇರ್ಪಡಿಸುತ್ತಾರೆ. ಆಗ ಇಟಲಿಯದೇ 'ಆಸ್ಸೊ 28' ತರಬೇಕು: 2018ರ ಜುಲೈನಲ್ಲಿ 101 ಜನರನ್ನು ಲಿಬಿಯಾಕ್ಕೆ ವಾಪಸು ಒಯ್ದ ಈ ಖಾಸಗಿ ಹಡಗಿನ ಕ್ಯಾಪ್ಟನ್‌ಗೆ 2021ರಲ್ಲಿ ನೇಪಲ್ಸ್ ಕೋರ್ಟ್ ಒಂದು ವರ್ಷದ ಶಿಕ್ಷೆ ಕೊಟ್ಟಿತು. ಭಾರತದ ಸ್ವಂತ ನಿಲುವು ಕೇಳಿದರೆ ಹುಷಾರು. 1996ರ ಚಕ್ಮಾ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಸಂವಿಧಾನದ 21ನೇ ವಿಧಿಯ ರಕ್ಷಣೆ ನಾಗರಿಕರಲ್ಲದವರಿಗೂ ಉಂಟೆಂದಿತು. 2021ರ ಏಪ್ರಿಲ್‌ನಲ್ಲಿ ರೋಹಿಂಗ್ಯಾಗಳ ಸಲೀಮುಲ್ಲಾ ಪ್ರಕರಣದಲ್ಲಿ ಗಡೀಪಾರಿಗೆ ಮಧ್ಯಂತರ ತಡೆ ಕೊಡಲಿಲ್ಲ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಬಿಟ್ಟರೆ ತೀರ್ಪುಗಾರರು ಅಲ್ಲೇ ಹಿಡಿಯುತ್ತಾರೆ.

ಅನುಮತಿ ಇಲ್ಲದೆ ಬಂದರಿಗೆ ನುಗ್ಗಿದ್ದಕ್ಕೆ ಸಮುದ್ರ ಕಾನೂನು ಒಪ್ಪಂದವೊಂದರಲ್ಲೇ ಎರಡು ಕಡೆಗೂ ಆಧಾರವಿದೆ. 18ನೇ ವಿಧಿ ಆಪತ್ತಿನಲ್ಲಿರುವವರಿಗೆ ನೆರವಾಗಲು ಪ್ರಾದೇಶಿಕ ಸಮುದ್ರದಲ್ಲಿ ನಿಲ್ಲಲು ಬಿಡುತ್ತದೆ. 19ನೇ ವಿಧಿ ವಲಸೆ ಕಾನೂನಿಗೆ ವಿರುದ್ಧವಾಗಿ ಜನರನ್ನು ಇಳಿಸುವುದನ್ನು ದೋಷವೆನ್ನುತ್ತದೆ. ವಲಸಿಗರನ್ನು ಕಾಪಾಡುವ ಹಡಗೊಂದರ ಕ್ಯಾಪ್ಟನ್ ಕ್ಯಾರೊಲಾ ರಾಕೆಟೆ 2019ರ ಜೂನ್ 12ರಂದು ರಕ್ಷಿಸಿದವರನ್ನು ಹೊತ್ತು 29ರಂದು ಲಾಂಪೆಡೂಸಾಕ್ಕೆ ನುಗ್ಗಿದಾಗ ಬಂಧನವಾಯಿತು. 2020ರಲ್ಲಿ ಇಟಲಿಯ ಅತ್ಯುನ್ನತ ನ್ಯಾಯಾಲಯ ಆ ಬಂಧನ ಸರಿಯಲ್ಲವೆಂದಿತು, ಇಳಿಸಿದ ಹೊರತು ರಕ್ಷಣೆ ಮುಗಿಯದು ಎಂಬ ಕಾರಣ ಕೊಟ್ಟು.

ಮೆಮೋರಿಯಲ್‌ನ (ಲಿಖಿತ ವಾದದ) ಕೊನೆಯ ಭಾಗ, ಅಂದರೆ ಕೋರ್ಟನ್ನು ಬೇಡುವ ಪ್ರಾರ್ಥನೆ, ಹೆಚ್ಚು ತಿದ್ದಿಸಿಕೊಂಡಿತು. ಮೊದಲ ಕರಡಿನಲ್ಲಿ 292ನೇ ವಿಧಿಯಡಿ ಕ್ಯಾಪ್ಟನ್‌ನ ತ್ವರಿತ ಬಿಡುಗಡೆ ಕೇಳಿದ್ದರು. ಅದು ನಡೆಯುವುದು ಮೀನುಗಾರಿಕೆ, ಮಾಲಿನ್ಯದ ಬಂಧನಗಳಿಗೆ. ವಲಸೆ ಪ್ರಕರಣಕ್ಕೆ ಎಟುಕುವುದಿಲ್ಲ. ಸರಿಯಾದ ದಾರಿ 290ನೇ ವಿಧಿಯ ಐದನೇ ಉಪವಿಧಿ: ಮಧ್ಯಸ್ಥಿಕೆ ಮಂಡಳಿ ರಚನೆಯಾಗುವವರೆಗೆ ಹ್ಯಾಂಬರ್ಗ್‌ನಲ್ಲಿರುವ ಸಮುದ್ರ ಕಾನೂನಿನ ಅಂತರರಾಷ್ಟ್ರೀಯ ಟ್ರಿಬ್ಯೂನಲ್‌ನಿಂದ ಮಧ್ಯಂತರ ಕ್ರಮ. ಎನ್ರಿಕಾ ಲೆಕ್ಸಿಯಲ್ಲಿ ಇಟಲಿ 2015ರಲ್ಲಿ ಭಾರತದ ವಿರುದ್ಧ ಹಿಡಿದದ್ದೂ ಇದೇ ದಾರಿ, ಕೇರಳ ಕರಾವಳಿಯಾಚೆ ಇಟಲಿಯ ನೌಕಾ ಸೈನಿಕರ ಗುಂಡಿಗೆ ಇಬ್ಬರು ಮೀನುಗಾರರು ಸತ್ತ ಪ್ರಕರಣವಾದ್ದರಿಂದ ಹುಡುಗರಿಗೆ ಬೇಗ ಹತ್ತಿತು. ಆ ಟ್ರಿಬ್ಯೂನಲ್‌ಗೆ ಅಧಿಕಾರವಿರುವುದು ಸಮುದ್ರ ಕಾನೂನು ಒಪ್ಪಂದದ ವಿವಾದದ ಮೇಲೆ, ಹಾಗಾಗಿ ಸೋಲಾಸ್, ಶೋಧ-ರಕ್ಷಣಾ ಒಪ್ಪಂದ ಎರಡನ್ನೂ 98ನೇ ವಿಧಿಯ ಬಾಗಿಲಿಂದಲೇ ಒಳಗೆ ತರಬೇಕು. ಹಡಗು, ಅದರಲ್ಲಿರುವವರು ಎಲ್ಲ ಸೇರಿ ಬಾವುಟ ದೇಶದ ಒಂದೇ ಘಟಕ ಎಂಬ ಅದೇ ಟ್ರಿಬ್ಯೂನಲ್‌ನ 1999ರ ಸೈಗಾ ತೀರ್ಪಿನ ಮಾತು ಇದ್ದರೆ 94 ಜನರ ಪರವಾಗಿಯೂ ಭಾರತ ಮಾತಾಡಬಹುದು.

"ಹಂಗಾದ್ರೆ ಮೊದ್ಲು ಕ್ಯಾಪ್ಟನ್ ಬಿಡುಗಡೆ ಕೇಳೋದಾ, ಜನ ಇಳಿಸೋದು ಕೇಳೋದಾ ಸರ್?" ಎಂದು ವಾದ ಮಾಡಬೇಕಿದ್ದ ಹುಡುಗ ಕೇಳಿದ. ಮಧ್ಯಂತರ ಕ್ರಮಕ್ಕೆ ತುರ್ತು ತೋರಿಸಬೇಕು. ತುರ್ತು ಹೆಚ್ಚಿರುವುದು ಹಡಗಿನಲ್ಲಿ. ಜನರನ್ನು ದಕ್ಕೆಗೆ ಇಳಿಸಿ ವೈದ್ಯರಿಗೆ ತೋರಿಸುವುದು ಒಂದನೇ ಪ್ರಾರ್ಥನೆ, ಅವರನ್ನು 'ಕ' ದೇಶಕ್ಕೆ ಒಪ್ಪಿಸದಿರುವುದು ಎರಡನೆಯದು, ಕ್ಯಾಪ್ಟನ್‌ನ ಬಿಡುಗಡೆ ಮೂರನೆಯದು ಎಂದು ತಿದ್ದಿ, ನೀಲಿ ರಟ್ಟು ಹಾಕಿ ಬೈಂಡಿಂಗ್‌ಗೆ ಕೊಟ್ಟರು.